ಮಂಜು ದೇವಿಗೂ ಮುಂಚಿನ ನೀನಾ ಗುಪ್ತಾ

ಪ್ರಶ್ನೆ: ನಾನು, ಅಮ್ಮ ಸೇರಿ ಈಚೆಗೆ ‘ಪಂಚಾಯತ್’ ವೆಬ್ ಸರಣಿಯ ನಾಲ್ಕೂ ಸೀಸನ್ ನೋಡಿ ಮುಗಿಸಿದೆವು. ಮಂಜು ದೇವಿಯ ಪಾತ್ರ ಮಾಡಿದ ನೀನಾ ಗುಪ್ತಾ ಅವರನ್ನು ನೋಡಿ ಅಮ್ಮ, “ಇವರು ಟಿವಿಯವರು ಕಣೇ, ‘ಸಾಂಸ್’ ಅಂತ ಒಂದು ಸೀರಿಯಲ್ ಬರ್ತಿತ್ತು, ತುಂಬಾ ಚೆನ್ನಾಗಿತ್ತು” ಅಂದರು. ನಾನು ಹುಡುಕಿದಾಗ ಎಲ್ಲ ಕಡೆ ಒಂದೇ ಕಥೆ ಸಿಕ್ಕಿತು. ಮದುವೆಯಾಗದೆ ಕ್ರಿಕೆಟಿಗನ ಮಗುವಿಗೆ ತಾಯಿಯಾದರು, ಅದರಿಂದ ಕೆಲಸ ಹೋಯಿತು, 2017ರಲ್ಲಿ ಇನ್‌ಸ್ಟಾಗ್ರಾಂನಲ್ಲಿ ಕೆಲಸ ಕೇಳಿದರು, ‘ಬಧಾಯಿ ಹೋ’ ಸಿಕ್ಕಿತು. ಅವರ ಬದುಕು ಇಷ್ಟೇನಾ? ಖಾಸಗಿ ಬದುಕಿನಿಂದಲೇ ವೃತ್ತಿ ನಿಂತುಹೋಯಿತಾ? ಅವರ ಹಳೆಯ ಕೆಲಸದಲ್ಲಿ ಮೊದಲು ಯಾವುದನ್ನು ನೋಡಬೇಕು?

ಉತ್ತರ: ಇಷ್ಟೇ ಅಲ್ಲ. ನೀವು ಓದಿದ ಸಂಗತಿಗಳು ಒಂದೊಂದಾಗಿ ನೋಡಿದರೆ ನಡೆದದ್ದೇ. ಆದರೆ ಒಂದಕ್ಕೆ ಇನ್ನೊಂದು ಕಾರಣ ಅಂತ ಹೆಣೆದಿದ್ದಾರಲ್ಲ, ಆ ಹೆಣಿಗೆ ನಿಲ್ಲುವುದಿಲ್ಲ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಗಳು ಮಸಾಬಾ ಹುಟ್ಟಿದ್ದು 1989ರ ನವೆಂಬರ್‌ನಲ್ಲಿ. ನೀನಾ ಅವರಿಗೆ ಎರಡು ರಾಷ್ಟ್ರ ಪ್ರಶಸ್ತಿ ಬಂದದ್ದು 1993ರ ಸಾಲಿನಲ್ಲಿ. ನಿಮ್ಮ ಅಮ್ಮ ಮೆಚ್ಚಿದ ‘ಸಾಂಸ್’ ಶುರುವಾದದ್ದು 1998ರಲ್ಲಿ. ಮಗಳು ಪ್ರೈಮರಿ ಶಾಲೆಗೆ ಹೋಗುವ ವಯಸ್ಸಿನಲ್ಲಿದ್ದಾಗ ತಾಯಿ ತಮ್ಮ ಟಿವಿ ಬದುಕಿನ ಅತಿ ದೊಡ್ಡ ಕೆಲಸ ಮಾಡುತ್ತಿದ್ದರು. ಒಳ್ಳೆಯ ಪಾತ್ರಗಳು ಕಡಿಮೆಯಾಗುತ್ತಾ ಬಂದದ್ದು 2000ದ ನಂತರ. ಆ ಹೊತ್ತಿಗೆ ಹಿಂದಿ ಟಿವಿಯೇ ಬೇರೆಯಾಗಿತ್ತು. ಅವರ ಏಳುಬೀಳು ಅರ್ಥವಾಗಬೇಕಾದರೆ ಮೊದಲು ಅದನ್ನು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಹಿಂದಿ ಕಿರುತೆರೆಯನ್ನು ತುಂಬಾ ಕಾಲದಿಂದ ಗಮನಿಸುತ್ತಾ ಬಂದವಳು ನಾನು. ಈ ಒಂದು ವಿಷಯದಲ್ಲಿ ಅವರ ಕಥೆಯನ್ನು ತಪ್ಪಾಗಿ ಹೇಳುವುದು ಕಂಡರೆ ನನಗೆ ಬೇಜಾರಾಗುತ್ತದೆ.

ಮೊದಲಿಂದ ಹೇಳುತ್ತೇನೆ. ನೀನಾ ದೆಹಲಿಯವರು. ಸಂಸ್ಕೃತದಲ್ಲಿ ಎಂ.ಎ. ಮಾಡಿದವರು. ಆಮೇಲೆ ನ್ಯಾಷನಲ್ ಸ್ಕೂಲ್ ಆಫ್ ಡ್ರಾಮಾದಲ್ಲಿ ಕಲಿತರು. 1982ರ ‘ಗಾಂಧಿ’ ಚಿತ್ರದಲ್ಲಿ ಗಾಂಧೀಜಿಯ ಜೊತೆ ಇರುತ್ತಿದ್ದ ಆಭಾ ಪಾತ್ರ ಅವರದು. 1983ರ ‘ಜಾನೇ ಭೀ ದೋ ಯಾರೋ’ ಚಿತ್ರದಲ್ಲೂ, ಶ್ಯಾಮ್ ಬೆನೆಗಲ್ ಅವರ ‘ಮಂಡಿ’ಯಲ್ಲೂ ಇದ್ದರು. ನಮ್ಮ ಗಿರೀಶ ಕಾರ್ನಾಡರು ಹಿಂದಿಯಲ್ಲಿ ನಿರ್ದೇಶಿಸಿದ ‘ಉತ್ಸವ್’ (1984) ನೋಡಿದ್ದರೆ ಅಲ್ಲೂ ಅವರನ್ನು ನೋಡಿರುತ್ತೀರಿ. ಅದೇ ಚಿತ್ರದಲ್ಲಿ ಶಂಕರ್ ನಾಗ್ ಕೂಡ ಇದ್ದಾರೆ. ಎಲ್ಲವೂ ಚಿಕ್ಕ ಪಾತ್ರಗಳೇ. ಮುಂಬೈ ಸಿನಿಮಾದಲ್ಲಿ ನಾಯಕಿ ಅಂತ ಯಾರೂ ಅವರನ್ನು ಕರೆಯಲಿಲ್ಲ.

ಮುಖ್ಯ ಪಾತ್ರ ಕೊಟ್ಟದ್ದು ದೂರದರ್ಶನ. 1984ರ ಜುಲೈನಲ್ಲಿ ‘ಹಮ್ ಲೋಗ್’ ಶುರುವಾಯಿತು. ಅದು ಗೆದ್ದ ಮೇಲೆ ಪ್ರಾಯೋಜಿತ ಧಾರಾವಾಹಿಗಳ ಸಾಲೇ ಬಂತು. ಆಗಿನ ವ್ಯವಸ್ಥೆ ಇಂದಿನದಕ್ಕಿಂತ ತೀರಾ ಬೇರೆ. ನಿರ್ಮಾಪಕ ಕಥೆ ಹಿಡಿದು ದೆಹಲಿಯ ಮಂಡಿ ಹೌಸ್‌ಗೆ, ಅಂದರೆ ದೂರದರ್ಶನದ ಮುಖ್ಯ ಕಚೇರಿಗೆ ಹೋಗಬೇಕು. ಒಪ್ಪಿಗೆ ಸಿಕ್ಕರೆ 13 ಕಂತು, ಚೆನ್ನಾಗಿ ಹೋದರೆ 26 ಅಥವಾ 52. ವಾರಕ್ಕೊಂದೇ ಕಂತು. ಸೋಪು, ಟೂತ್‌ಪೇಸ್ಟ್ ಮಾರುವ ಕಂಪನಿ ಪ್ರಾಯೋಜಕ. ಇದಕ್ಕೆ ಕೊರತೆಗಳು ಬೇಕಾದಷ್ಟಿದ್ದವು, ಅಧಿಕಾರಿಗಳ ಹಂಗೂ ಇತ್ತು. ಆದರೆ ನಟರಿಗೆ ಒಂದು ದೊಡ್ಡ ಅನುಕೂಲ ಇತ್ತು. ಪಾತ್ರಕ್ಕೆ ಒಂದು ಆರಂಭ, ಒಂದು ಕೊನೆ ಇರುತ್ತಿತ್ತು. ಬರೆದವರಿಗೆ ಕೊನೆಯ ಕಂತಿನಲ್ಲಿ ಏನಾಗುತ್ತದೆ ಅಂತ ಗೊತ್ತಿರುತ್ತಿತ್ತು. ರಂಗಭೂಮಿಯಿಂದ ಬಂದವರಿಗೆ ಇದು ಹೇಳಿ ಮಾಡಿಸಿದ ಜಾಗ. ಓಂ ಪುರಿ, ನಸೀರುದ್ದೀನ್ ಶಾ, ಪಂಕಜ್ ಕಪೂರ್, ರಘುಬೀರ್ ಯಾದವ್ ಎಲ್ಲ ಆಗ ಟಿವಿಯಲ್ಲಿ ಒಳ್ಳೊಳ್ಳೆಯ ಕೆಲಸ ಮಾಡಿದ್ದು ಅದಕ್ಕೇ. ‘ಪಂಚಾಯತ್’ನಲ್ಲಿ ನೀನಾ ಅವರ ಗಂಡನಾಗಿ ಬರುತ್ತಾರಲ್ಲ, ಅದೇ ರಘುಬೀರ್ ಯಾದವ್. ದೂರದರ್ಶನದಲ್ಲಿ ‘ಮುಂಗೇರಿಲಾಲ್ ಕೇ ಹಸೀನ್ ಸಪ್ನೇ’ ಮಾಡಿದವರು. ಅವರೂ ಅದೇ ನಾಟಕ ಶಾಲೆಯವರು. ಸರಣಿಯ ಊರಾದ ಫುಲೇರಾದ ಆ ಮನೆಯಲ್ಲಿ ಗಂಡ ಹೆಂಡತಿಯ ಮಾತು ಅಷ್ಟು ಸಲೀಸಾಗಿ ಬರುವುದಕ್ಕೆ ಇದೂ ಒಂದು ಕಾರಣ.

1985ರ ‘ಖಾನ್‌ದಾನ್’ ನೀನಾ ಅವರನ್ನು ಮನೆಮನೆಗೆ ಪರಿಚಯಿಸಿತು. ಶ್ರೀಮಂತ ಉದ್ಯಮಿ ಕುಟುಂಬದ ಕಥೆ ಅದು. ಮುಂದಿನ ವರ್ಷ ದೇಶ ವಿಭಜನೆಯ ‘ಬುನಿಯಾದ್’ ಬಂತು. ಅದೇ ಸುಮಾರಿಗೆ ಬೆನೆಗಲ್ ಅವರ ‘ಯಾತ್ರಾ’, ಕನ್ಯಾಕುಮಾರಿಯಿಂದ ಜಮ್ಮುವಿಗೆ ಹೋಗುವ ರೈಲಿನೊಳಗೆ ನಡೆಯುವ ಕಥೆ. ಆಮೇಲೆ 1988ರಲ್ಲಿ ಗುಲ್ಜಾರ್ ಅವರ ‘ಮಿರ್ಜಾ ಗಾಲಿಬ್’. ಉರ್ದು ಕವಿ ಗಾಲಿಬ್‌ನ ಬದುಕಿನ ಕಥೆ ಅದು. ಅದರಲ್ಲಿ ನವಾಬ್ ಜಾನ್ ಅನ್ನುವ ತವಾಯಫ್ (ಹಾಡು, ಕುಣಿತದ ಗಣಿಕೆ) ಪಾತ್ರ ನೀನಾ ಅವರದು. ಗಾಲಿಬ್‌ನ ಗಜಲ್‌ಗಳನ್ನು ಹಾಡಿಕೊಂಡು, ಅವನನ್ನು ದೂರದಿಂದಲೇ ಪ್ರೀತಿಸುವ ಹೆಣ್ಣು. ಪರದೆಯ ಮೇಲೆ ಇರುವುದು ಸ್ವಲ್ಪ ಹೊತ್ತು. ಆದರೆ ಸರಣಿ ನೋಡಿದವರಿಗೆ ಗಾಲಿಬ್ ಬಿಟ್ಟರೆ ಜಾಸ್ತಿ ನೆನಪಲ್ಲಿ ಉಳಿಯುವುದು ಅವಳೇ.

ಈಗ ಖಾಸಗಿ ಬದುಕಿನ ಮಾತು. ಅವರು 2021ರಲ್ಲಿ ‘ಸಚ್ ಕಹೂಂ ತೋ’ ಅಂತ ಆತ್ಮಕಥೆ ಬರೆದಿದ್ದಾರೆ. ನಾನಿಲ್ಲಿ ಹೇಳುವುದು ಹೆಚ್ಚಾಗಿ ಅವರೇ ಅದರಲ್ಲಿ, ಸಂದರ್ಶನಗಳಲ್ಲಿ ಬಾಯಿಬಿಟ್ಟು ಹೇಳಿಕೊಂಡದ್ದು. ಗಾಳಿಮಾತು ಬೇಡ. 80ರ ದಶಕದ ಕೊನೆಯಲ್ಲಿ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಿತ್ತು. ನಾಯಕ ವಿವಿಯನ್ ರಿಚರ್ಡ್ಸ್. ಇಬ್ಬರೂ ಹತ್ತಿರವಾದರು. ರಿಚರ್ಡ್ಸ್‌ಗೆ ಆಗಲೇ ಮದುವೆಯಾಗಿತ್ತು. ಗರ್ಭಿಣಿ ಅಂತ ಗೊತ್ತಾದಾಗ ನೀನಾ ಮಗು ಬೇಕು ಅಂತ ತೀರ್ಮಾನ ಮಾಡಿದರು. ಗೆಳೆಯ ಸತೀಶ್ ಕೌಶಿಕ್ ಆಗ ಬಂದು, ‘ನಾನು ಮದುವೆಯಾಗುತ್ತೇನೆ, ಮಗುವಿನ ಬಣ್ಣ ಕಪ್ಪಾದರೆ ನನ್ನದೇ ಅಂತ ಹೇಳಿದರಾಯಿತು’ ಅಂದಿದ್ದರಂತೆ. ನೀನಾ ಒಪ್ಪಲಿಲ್ಲ. ಆದರೆ ಆ ಗೆಳೆತನ 2023ರಲ್ಲಿ ಸತೀಶ್ ತೀರಿಕೊಳ್ಳುವವರೆಗೂ ಉಳಿಯಿತು. ತಂದೆ ಯಾರು ಅಂತ ನೀನಾ ಮೊದಲಿಗೆ ಯಾರಿಗೂ ಹೇಳಿರಲಿಲ್ಲ. ಪತ್ರಿಕೆಯಲ್ಲಿ ಬಂದಾಗ ಅದು ಅವರ ಒಪ್ಪಿಗೆಯಿಂದ ಬಂದದ್ದಲ್ಲ.

ಒಂದು ಸಂಗತಿಯನ್ನು ಯಾರೂ ಅಷ್ಟು ಗಮನಿಸುವುದಿಲ್ಲ. ನನಗೆ ಅದು ತುಂಬಾ ಮುಖ್ಯ ಅನಿಸುತ್ತದೆ. ಹೆರಿಗೆ ಹತ್ತಿರ ಬಂದಾಗ ಅವರ ಬ್ಯಾಂಕ್ ಖಾತೆಯಲ್ಲಿ ಇದ್ದದ್ದು ಸುಮಾರು 2,000 ರೂಪಾಯಿ. ಸಹಜ ಹೆರಿಗೆಯಾದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ಸಿಸೇರಿಯನ್ ಆದರೆ ಹತ್ತು ಸಾವಿರದ ಹತ್ತಿರ ಬೇಕು. ಅದೃಷ್ಟಕ್ಕೆ ಕೆಲವೇ ದಿನ ಮುಂಚೆ ಆದಾಯ ತೆರಿಗೆ ಇಲಾಖೆಯಿಂದ 9,000 ರೂಪಾಯಿ ವಾಪಸ್ ಬಂತು. ಹೆರಿಗೆ ಸಿಸೇರಿಯನ್ನೇ ಆಯಿತು. ಇದನ್ನು ಓದುವವರು ಸಾಮಾನ್ಯವಾಗಿ ‘ಪಾಪ, ಒಂಟಿ ತಾಯಿ’ ಅಂತ ನಿಲ್ಲಿಸುತ್ತಾರೆ. ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ‘ಖಾನ್‌ದಾನ್’, ‘ಬುನಿಯಾದ್’, ‘ಮಿರ್ಜಾ ಗಾಲಿಬ್’ ಮಾಡಿದ ನಟಿ, ರಸ್ತೆಯಲ್ಲಿ ಜನ ಗುರುತು ಹಿಡಿಯುವ ನಟಿ, ಅವರ ಖಾತೆಯಲ್ಲಿ ಯಾಕೆ 2,000 ರೂಪಾಯಿ ಇತ್ತು? ಯಾಕೆಂದರೆ ಆ ಕಾಲದ ಟಿವಿ ಹೆಸರು ಕೊಡುತ್ತಿತ್ತು, ದುಡ್ಡು ಕೊಡುತ್ತಿರಲಿಲ್ಲ. 13 ಕಂತು ಮುಗಿದರೆ ಮುಂದಿನ ಕರೆ ಯಾವಾಗಲೋ. ಪಾತ್ರಕ್ಕೆ ಕೊನೆ ಇದ್ದದ್ದು ನಟನೆಗೆ ಒಳ್ಳೆಯದು ಅಂದೆನಲ್ಲ, ಬಾಡಿಗೆ ಕಟ್ಟಲು ಅದೇ ಕೊನೆ ತೊಂದರೆ. ಎರಡೂ ನಿಜ.

ಮಗು ಹುಟ್ಟಿದ ಮೇಲೆ ದೆಹಲಿಯಿಂದ ಅವರ ತಂದೆ ಬಂದು ಮುಂಬೈಯಲ್ಲೇ ನಿಂತರು. ಮಗುವನ್ನು ನೋಡಿಕೊಂಡದ್ದು ಹೆಚ್ಚಾಗಿ ಅವರೇ. ಆ ತಂದೆಗೂ ಎರಡು ಸಂಸಾರ ಇತ್ತು ಅಂತ ನೀನಾ ಪುಸ್ತಕದಲ್ಲಿ ಬರೆದಿದ್ದಾರೆ. ಪ್ರೀತಿಸಿ ಮದುವೆಯಾದದ್ದು ನೀನಾ ಅವರ ಅಮ್ಮನನ್ನು. ಆಮೇಲೆ ಮನೆಯವರ ಒತ್ತಾಯಕ್ಕೆ ಜಾತಿಯೊಳಗೇ ಇನ್ನೊಂದು ಮದುವೆ. ಅಮ್ಮ ಅನುಭವಿಸಿದ್ದನ್ನು ಹುಡುಗಿಯಾಗಿದ್ದಾಗಲೇ ನೋಡಿ ಬೆಳೆದವರು ಇವರು. ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ, ‘ಸಾಂಸ್’ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

90ರ ದಶಕದಲ್ಲಿ ಅವರು ಸಿಕ್ಕಿದ್ದೆಲ್ಲ ಮಾಡಿದರು. ದುಡ್ಡಿಗಾಗಿ ಕೆಟ್ಟ ಸಿನಿಮಾಗಳನ್ನೂ ಮಾಡಿದ್ದೇನೆ ಅಂತ ಅವರೇ ಹಲವು ಸಲ ಹೇಳಿದ್ದಾರೆ. ಅದರ ನಡುವೆ ‘ಬಾಜಾರ್ ಸೀತಾರಾಮ್’ ಅನ್ನುವ ಚಿಕ್ಕ ಚಿತ್ರವನ್ನು ತಾವೇ ನಿರ್ದೇಶಿಸಿದರು. ಹಳೆ ದೆಹಲಿಯ ಒಂದು ಬೀದಿಯ ಬದುಕು ಅದರಲ್ಲಿದೆ. 1993ರ ಸಾಲಿನಲ್ಲಿ ಅದಕ್ಕೆ ನಿರ್ದೇಶಕರ ಮೊದಲ ಕಥೇತರ ಚಿತ್ರಕ್ಕೆ ಕೊಡುವ ರಾಷ್ಟ್ರ ಪ್ರಶಸ್ತಿ ಸಿಕ್ಕಿತು. ಅದೇ ಸಾಲಿನಲ್ಲಿ ‘ವೋ ಛೋಕ್ರಿ’ ಚಿತ್ರದ ಪಾತ್ರಕ್ಕೆ ಪೋಷಕ ನಟಿ ರಾಷ್ಟ್ರ ಪ್ರಶಸ್ತಿಯೂ ಬಂತು. ಒಂದೇ ವರ್ಷ, ನಿರ್ದೇಶನಕ್ಕೊಂದು ನಟನೆಗೊಂದು. ಆದರೆ 1993 ಅಂದಕೂಡಲೇ ಜನ ನೆನಪು ಮಾಡಿಕೊಳ್ಳುವುದು ‘ಖಳನಾಯಕ್’ ಚಿತ್ರದ ಹಾಡಿನಲ್ಲಿ ಮಾಧುರಿ ದೀಕ್ಷಿತ್ ಪಕ್ಕ ಕುಣಿದ ನೀನಾ ಅವರನ್ನು. ಒಬ್ಬ ಕಲಾವಿದೆಯ ಯಾವ ಕೆಲಸ ಉಳಿಯಬೇಕು ಅಂತ ಅವರೇ ಆರಿಸಿಕೊಳ್ಳಲು ಆಗುವುದಿಲ್ಲವಲ್ಲ, ಅದು ನೋವಿನ ಸಂಗತಿ.

‘ಸಾಂಸ್’ ಬಂದದ್ದು ಸ್ಟಾರ್ ಪ್ಲಸ್‌ನಲ್ಲಿ, ವಾರಕ್ಕೊಂದು ಕಂತು. ಪ್ರಿಯಾ ಅನ್ನುವ ಗೃಹಿಣಿ, ಗಂಡ ಗೌತಮ್, ಇಬ್ಬರು ಮಕ್ಕಳು. ಗಂಡನ ಬದುಕಿನೊಳಗೆ ಮನೀಷಾ ಅನ್ನುವ ಇನ್ನೊಬ್ಬ ಹೆಂಗಸು ಬರುತ್ತಾಳೆ. ಪ್ರಿಯಾ ಪಾತ್ರ ನೀನಾ ಅವರದು, ಗೌತಮ್ ಆಗಿ ಕಂವಲ್‌ಜೀತ್ ಸಿಂಗ್, ಮನೀಷಾ ಆಗಿ ಕವಿತಾ ಕಪೂರ್. ಕಥೆ ಅಷ್ಟೇ. ನಮ್ಮ ಸುತ್ತಮುತ್ತ ಎಷ್ಟೋ ಮನೆಯಲ್ಲಿ ನಡೆದದ್ದು. ಅದನ್ನು ಹೇಳಿದ ರೀತಿಯಲ್ಲಿತ್ತು ಎಲ್ಲ. ಕೂಗಾಟ ಇಲ್ಲ, ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವ ಅತ್ತೆ ಇಲ್ಲ. ಮನೀಷಾಳನ್ನು ಕೆಟ್ಟವಳು ಅಂತ ಚಿತ್ರಿಸಲಿಲ್ಲ. ಗೌತಮ್ ರಾಕ್ಷಸನೂ ಅಲ್ಲ. ಪ್ರಿಯಾ ಕಣ್ಣೀರು ಹಾಕಿಕೊಂಡು ಕೂರುವುದಿಲ್ಲ, ಮನೆ ನಡೆಯಬೇಕು, ಮಕ್ಕಳಿಗೆ ಉತ್ತರ ಕೊಡಬೇಕು.

ಈಗ ಬರೆದವರು ಯಾರು ಅಂತ ಯೋಚಿಸಿ. ತಂದೆಗೆ ಎರಡು ಮನೆ ಇದ್ದ ಹುಡುಗಿ. ಮುಂದೆ ತಾನೇ ಮದುವೆಯಾದ ಗಂಡಸನ್ನು ಪ್ರೀತಿಸಿದ ಹೆಂಗಸು. ಅವರು ಹೆಂಡತಿಯ ಜಾಗದಲ್ಲಿ ನಿಂತು ಕಥೆ ಬರೆದರು, ಆ ಪಾತ್ರವನ್ನೂ ತಾವೇ ಮಾಡಿದರು, ಇನ್ನೊಬ್ಬಳಿಗೂ ಮರ್ಯಾದೆ ಕೊಟ್ಟರು. ಖಾಸಗಿ ಬದುಕು ಅವರ ವೃತ್ತಿಗೆ ಏನು ಮಾಡಿತು ಅಂತ ಕೇಳಿದಿರಲ್ಲ, ನನ್ನ ದೃಷ್ಟಿಯಲ್ಲಿ ಇದನ್ನು ಮಾಡಿತು. ಮೂರೂ ಕಡೆಯ ನೋವು ಗೊತ್ತಿದ್ದವರಿಗೆ ಮಾತ್ರ ಬರೆಯಲು ಸಾಧ್ಯವಾದ ಸೀರಿಯಲ್ ಅದು. ನಿಮ್ಮ ಅಮ್ಮನಿಗೆ ಇಷ್ಟು ವರ್ಷವಾದ ಮೇಲೂ ಅದು ನೆನಪಿರುವುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಆಮೇಲೆ 2000ದ ಜುಲೈ 3 ಬಂತು. ಆ ರಾತ್ರಿ ಸ್ಟಾರ್ ಪ್ಲಸ್‌ನಲ್ಲಿ ಒಂಬತ್ತಕ್ಕೆ ‘ಕೌನ್ ಬನೇಗಾ ಕರೋಡ್‌ಪತಿ’, ಹತ್ತೂವರೆಗೆ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ ಶುರುವಾದವು. ಅಕ್ಟೋಬರ್‌ನಲ್ಲಿ ‘ಕಹಾನಿ ಘರ್ ಘರ್ ಕೀ’. ಅಲ್ಲಿಂದ ವಾರದ ಸೀರಿಯಲ್‌ಗಳ ಕಾಲ ಮುಗಿಯುತ್ತಾ ಬಂತು. ವಾರಕ್ಕೆ ನಾಲ್ಕೈದು ಕಂತು ಅಂದರೆ ಕೆಲಸದ ರೀತಿಯೇ ಬೇರೆ. ದಿನಕ್ಕೆ ಹನ್ನೆರಡು ಗಂಟೆ ಶೂಟಿಂಗ್. ದೃಶ್ಯದ ಹಾಳೆ ಎಷ್ಟೋ ಸಲ ಅದೇ ದಿನ ಸೆಟ್‌ಗೆ ಬರುತ್ತದೆ. ಗುರುವಾರವೋ ಶುಕ್ರವಾರವೋ ಟಿಆರ್‌ಪಿ ಬಂದಮೇಲೆ ಕಥೆಯ ಟ್ರ್ಯಾಕ್ ಬದಲಾಗುತ್ತದೆ. ದುಡ್ಡು ಕೈಗೆ ಬರುವುದು ಮೂರು ತಿಂಗಳಾದ ಮೇಲೆ. ಕಥೆಗೆ ಕೊನೆ ಇಲ್ಲ, ನೋಡುವಷ್ಟು ದಿನ ಎಳೆಯುವುದು. ‘ಕ್ಯೋಂಕಿ’ ಎಂಟು ವರ್ಷಕ್ಕೂ ಜಾಸ್ತಿ ನಡೆದು 1,800ಕ್ಕೂ ಹೆಚ್ಚು ಕಂತು ಕಂಡಿತು. ಇದನ್ನು ಕೀಳು ಅಂತ ನಾನು ಹೇಳುತ್ತಿಲ್ಲ. ಸಾವಿರಾರು ತಂತ್ರಜ್ಞರ, ನಟರ ಮನೆ ಅದರಿಂದ ನಡೆಯುತ್ತದೆ. ದೂರದರ್ಶನದ ಕಾಲದಲ್ಲಿ ಇಲ್ಲದ ತಿಂಗಳ ಆದಾಯವನ್ನು ನಟರು ಕಂಡದ್ದು ಈ ಡೈಲಿ ಸೀರಿಯಲ್‌ನಿಂದಲೇ.

ಆದರೆ ನಲವತ್ತು ದಾಟಿದ ನಟಿಯರಿಗೆ ಇದು ಮಾಡಿದ ಪೆಟ್ಟು ದೊಡ್ಡದು. ಹೇಗೆ ಅಂತ ಹೇಳುತ್ತೇನೆ. ಡೈಲಿ ಸೀರಿಯಲ್‌ನಲ್ಲಿ ‘ಲೀಪ್’ ಅಂತ ಮಾಡುತ್ತಾರೆ, ಕಥೆ ಒಂದೇ ಸಲ ಇಪ್ಪತ್ತು ವರ್ಷ ಮುಂದಕ್ಕೆ ಹಾರುತ್ತದೆ. ನಾಯಕಿಯನ್ನು ಬದಲಾಯಿಸಿದರೆ ಜನ ಬಿಟ್ಟುಹೋಗುತ್ತಾರೆ. ಹಾಗಾಗಿ ಅದೇ ಹುಡುಗಿಯ ಕೂದಲಿಗೆ ಒಂದೆಳೆ ಬಿಳಿ ಬಳಿದು ಅತ್ತೆ ಮಾಡುತ್ತಾರೆ. ‘ಕ್ಯೋಂಕಿ’ಯ ನಾಯಕಿ ತುಳಸಿಯ ಪಾತ್ರ ಶುರು ಮಾಡಿದಾಗ ಸ್ಮೃತಿ ಇರಾನಿ ಅವರಿಗೆ 24. ಕೆಲವೇ ವರ್ಷದಲ್ಲಿ ಅವರು ಪರದೆಯ ಮೇಲೆ ಅಜ್ಜಿಯೂ ಆದರು. ಅಂದರೆ ಐವತ್ತರ ಹೆಂಗಸಿನ ಪಾತ್ರ ಇಪ್ಪತ್ತೆಂಟರ ನಟಿಗೆ ಹೋಯಿತು. ನಿಜವಾಗಿ ನಲವತ್ತೈದಾದವರಿಗೆ ಉಳಿದದ್ದೇನು? ಪೂಜೆ ತಟ್ಟೆ ಹಿಡಿದು ಹಿಂದೆ ನಿಲ್ಲುವುದು, ಇಲ್ಲದಿದ್ದರೆ ಕಣ್ಣು ಕಿರಿದು ಮಾಡಿ ಪಿತೂರಿ ಮಾಡುವುದು. (2025ರಲ್ಲಿ ‘ಕ್ಯೋಂಕಿ’ ಮತ್ತೆ ಬಂತು. ಈ ಸಲ ಸ್ಮೃತಿ ಅವರ ವಯಸ್ಸೂ ತುಳಸಿಯ ವಯಸ್ಸೂ ಹತ್ತಿರವಾಗಿವೆ. ನೋಡಲು ಅದೇ ಎಷ್ಟೋ ಹಿತ.)

ನೀನಾ ಅವರಿಗೆ ಬಂದದ್ದು ಇದೇ ಎರಡನೆಯ ಬಗೆಯ, ಪಿತೂರಿ ಮಾಡುವವಳ ಪಾತ್ರದ ಕರೆಗಳು. ಇಲ್ಲಿ ಖಾಸಗಿ ಬದುಕಿನ ನೆರಳು ಇತ್ತು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಪತ್ರಿಕೆಗಳು ಅವರನ್ನು ಗಟ್ಟಿಗಿತ್ತಿ ಅಂತ ಒಂದು ಅಚ್ಚಿನಲ್ಲಿ ಹಾಕಿದ್ದವು, ಗಟ್ಟಿಗಿತ್ತಿ ಅಂದರೆ ಕೆಟ್ಟವಳ ಪಾತ್ರ ಅಂತ ನಿರ್ದೇಶಕರು ತಿಳಿದರು ಅಂತ ಅವರು ಹೇಳಿದ್ದಾರೆ. ಆ ದಶಕದ ಆರಂಭದಲ್ಲಿ ‘ಕಮ್ಜೋರ್ ಕಡಿ ಕೌನ್’ ಅನ್ನುವ ರಸಪ್ರಶ್ನೆ ಕಾರ್ಯಕ್ರಮವನ್ನೂ ನಡೆಸಿಕೊಟ್ಟರು. ಬ್ರಿಟನ್ನಿನ ಮೂಲದಂತೆ ಕಪ್ಪು ಬಟ್ಟೆ, ಕಡ್ಡಿ ಮುರಿದಂಥ ಮಾತು, ಸೋತವರನ್ನು ಮುಲಾಜಿಲ್ಲದೆ ಕಳಿಸುವುದು. ಅಮಿತಾಭ್ ಬಚ್ಚನ್ ಅವರು ಸ್ಪರ್ಧಿಗಳ ಬೆನ್ನು ತಟ್ಟುವುದನ್ನು ನೋಡಿ ಒಗ್ಗಿದ ಜನಕ್ಕೆ ಅದು ಹಿಡಿಸಲಿಲ್ಲ. ಗಟ್ಟಿಗಿತ್ತಿ ಅನ್ನುವ ಅಚ್ಚು ಇನ್ನಷ್ಟು ಗಟ್ಟಿಯಾಯಿತು.

ಆದರೂ ಮಗುವಿನಿಂದಲೇ ಕೆಲಸ ಹೋಯಿತು ಅನ್ನುವುದನ್ನು ನಾನು ಯಾಕೆ ಒಪ್ಪುವುದಿಲ್ಲ ಅಂದರೆ, ಅದೇ ಕಾಲದ ಇನ್ನೊಂದು ಉದಾಹರಣೆ ಕಣ್ಣ ಮುಂದಿದೆ. ‘ಕಸೌಟಿ ಜಿಂದಗಿ ಕೀ’ ಸೀರಿಯಲ್‌ನ ಕೊಮೊಲಿಕಾ ನೆನಪಿದೆಯಾ? ಆ ಪಾತ್ರ ಮಾಡಿದ ಊರ್ವಶಿ ಧೋಲಾಕಿಯಾ ಹದಿನೇಳರ ಹೊತ್ತಿಗೇ ಅವಳಿ ಗಂಡುಮಕ್ಕಳ ತಾಯಿ. ಗಂಡನಿಂದ ಬೇರೆಯಾಗಿ ಒಬ್ಬರೇ ಮಕ್ಕಳನ್ನು ಸಾಕಿದರು. ಅದನ್ನು ಮುಚ್ಚಿಡಲೂ ಇಲ್ಲ. ಅವರಿಗೆ ಕೆಲಸ ತಪ್ಪಲಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿದ್ದರು, ಡೈಲಿ ಸೀರಿಯಲ್‌ಗೆ ಬೇಕಾದ ಮುಖ ಅವರಲ್ಲಿತ್ತು. ಒಂಟಿ ತಾಯ್ತನವೇ ಅಡ್ಡಿಯಾಗಿದ್ದರೆ ಅವರಿಗೂ ಆಗಬೇಕಿತ್ತು, ಅಲ್ವಾ? ವಯಸ್ಸು ಮತ್ತು ಸೀರಿಯಲ್‌ನ ರೂಪ, ಈ ಎರಡೇ ನೀನಾ ಅವರ ದಾರಿಗೆ ಜಾಸ್ತಿ ಅಡ್ಡ ಬಂದವು.

2008ರಲ್ಲಿ ಅವರು ದೆಹಲಿಯ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರನ್ನು ಮದುವೆಯಾದರು. ಮಸಾಬಾ ಅಷ್ಟರಲ್ಲಿ ಬೆಳೆದು, ಸ್ವಲ್ಪ ಕಾಲದಲ್ಲೇ ಹೆಸರಾಂತ ಫ್ಯಾಷನ್ ಡಿಸೈನರ್ ಆದರು. ಬದುಕು ನೆಮ್ಮದಿಯ ದಡಕ್ಕೆ ಬಂದಿತ್ತು. ಅದೇ ಹೊತ್ತಿನಲ್ಲಿ ಒಳ್ಳೆಯ ಪಾತ್ರಗಳು ಇರಲಿಲ್ಲ. ಗಮನಿಸಿ, ಮನೆ ಬಿರುಗಾಳಿಯಲ್ಲಿದ್ದಾಗ ವೃತ್ತಿ ಏರುತ್ತಿತ್ತು, ಮನೆ ಶಾಂತವಾದಾಗ ವೃತ್ತಿ ನಿಂತಿತ್ತು. ಎಲ್ಲರೂ ಹೇಳುವ ಕಥೆಗೆ ಇದು ಪೂರ್ತಿ ಉಲ್ಟಾ.

ಇನ್‌ಸ್ಟಾಗ್ರಾಂ ಪೋಸ್ಟ್ 2017ರ ಜುಲೈನದು. ನಾನು ಮುಂಬೈಯಲ್ಲೇ ಇದ್ದೇನೆ, ಕೆಲಸ ಮಾಡುತ್ತಿದ್ದೇನೆ, ಒಳ್ಳೆಯ ನಟಿ, ಒಳ್ಳೆಯ ಪಾತ್ರ ಹುಡುಕುತ್ತಿದ್ದೇನೆ, ಇಷ್ಟೇ ಅದರ ಸಾರ. ಮಗಳು ಅದನ್ನು ಹಂಚಿಕೊಂಡರು, ಸುದ್ದಿಯಾಯಿತು. ಅದು ಭಿಕ್ಷೆ ಬೇಡಿದ್ದು ಅಂತ ಕೆಲವರು ಬರೆದರು. ನನಗೆ ಹಾಗೆ ಕಾಣುವುದಿಲ್ಲ. ಅರವತ್ತರ ಹತ್ತಿರ ಬಂದ ಕಸುಬುದಾರರು ತಮ್ಮ ಕಸುಬಿನ ಬಗ್ಗೆ ಸಂಕೋಚವಿಲ್ಲದೆ ಹೇಳಿದ ಮಾತು. ಅವರು ಮದುವೆಯಾಗಿ ದೆಹಲಿಗೆ ಹೋದರು ಅಂತಲೇ ಎಷ್ಟೋ ಜನ ತಿಳಿದಿದ್ದರು. ‘ಇಲ್ಲೇ ಇದ್ದೇನೆ’ ಅಂತ ಹೇಳುವ ಅಗತ್ಯ ನಿಜವಾಗಿಯೂ ಇತ್ತು.

ಮರುವರ್ಷವೇ ‘ವೀರೇ ದಿ ವೆಡ್ಡಿಂಗ್’, ‘ಮುಲ್ಕ್’, ‘ಬಧಾಯಿ ಹೋ’ ಮೂರೂ ಬಂದವು. ಬೆಳೆದ ಮಕ್ಕಳಿರುವ ತಾಯಿ ಮತ್ತೆ ಬಸುರಿಯಾಗುವ ‘ಬಧಾಯಿ ಹೋ’ ಅವರಿಗೆ ಫಿಲ್ಮ್‌ಫೇರ್‌ನ ವಿಮರ್ಶಕರ ಶ್ರೇಷ್ಠ ನಟಿ ಪ್ರಶಸ್ತಿ ತಂದಿತು. ನಾಚಿಕೆ, ಸಂತೋಷ, ಅತ್ತೆಯ ಭಯ, ಮಕ್ಕಳ ಮುಖ ನೋಡಲಾಗದ ಮುಜುಗರ, ಎಲ್ಲವನ್ನೂ ಹೆಚ್ಚು ಮಾತಿಲ್ಲದೆ ಮಾಡಿದ್ದಾರೆ. ಪೋಸ್ಟ್ ಬಾಗಿಲು ತಟ್ಟಿತು, ಹೌದು. ಬಾಗಿಲ ಆಚೆ ಏನಿತ್ತು ಅನ್ನುವುದನ್ನೂ ನೋಡಿ. 2016ರಲ್ಲಿ ನೆಟ್‌ಫ್ಲಿಕ್ಸ್, ಅಮೆಜಾನ್ ಪ್ರೈಮ್ ಭಾರತಕ್ಕೆ ಬಂದಿದ್ದವು. ಎಂಟು ಕಂತಿನ ಸೀಸನ್, ಮೊದಲೇ ಬರೆದು ಮುಗಿಸಿದ ಕಥೆ. ದೂರದರ್ಶನದ 13 ಕಂತಿನ ಕಾಲದ ಕಟ್ಟು ಬೇರೆ ದಾರಿಯಲ್ಲಿ ವಾಪಸ್ ಬಂದಿತ್ತು. ಅಂಥ ಕಟ್ಟಿನಲ್ಲಿ ಪಳಗಿದವರು ಮತ್ತೆ ಬೇಕಾದರು. ನೀನಾ ಮಾತ್ರ ಅಲ್ಲ, ರಘುಬೀರ್ ಯಾದವ್ ಅವರಿಗೂ ಹಾಗೇ ಆಯಿತು.

2020ರ ‘ಪಂಚಾಯತ್’ ಮೊದಲ ಸೀಸನ್ ಇನ್ನೊಮ್ಮೆ ನೋಡಿ. ಕಾಗದದ ಮೇಲೆ ಪ್ರಧಾನ್ ಮಂಜು ದೇವಿ, ನಿಜವಾಗಿ ಆಳುವುದು ಗಂಡ. ನಮ್ಮ ಗ್ರಾಮ ಪಂಚಾಯಿತಿಗಳಲ್ಲೂ ಅಧ್ಯಕ್ಷೆಯ ಬದಲು ಗಂಡ ಬಂದು ಕುರ್ಚಿಯಲ್ಲಿ ಕೂರುವುದನ್ನು ನಾವು ಕಂಡಿದ್ದೇವೆ. ಆ ಸೀಸನ್‌ನ ಹೆಚ್ಚಿನ ಭಾಗ ಮಂಜು ದೇವಿ ಮನೆಯೊಳಗೇ ಇರುತ್ತಾಳೆ. ಕೊನೆಯಲ್ಲಿ ಜನವರಿ 26ರ ಧ್ವಜಾರೋಹಣಕ್ಕೆ ಅವಳು ರಾಷ್ಟ್ರಗೀತೆ ಬಾಯಿಪಾಠ ಮಾಡಿಕೊಂಡು ಬಂದು ಹಾಡುತ್ತಾಳೆ. ಸ್ವಲ್ಪ ತಡವರಿಸುತ್ತಾಳೆ, ನಿಲ್ಲಿಸುವುದಿಲ್ಲ. ಅಲ್ಲಿಂದ ನಾಲ್ಕನೇ ಸೀಸನ್‌ನ ಚುನಾವಣೆವರೆಗೆ ಆ ಹೆಂಗಸು ಹಂತಹಂತವಾಗಿ ಬೆಳೆಯುತ್ತಾಳೆ. ಇಂಥ ನಿಧಾನದ ಬೆಳವಣಿಗೆಯನ್ನು ಹಿಡಿದಿಡುವುದು ವಾರದ ಧಾರಾವಾಹಿ ಮಾಡಿದವರಿಗೆ ಗೊತ್ತಿರುವ ವಿದ್ಯೆ. 2024ರಲ್ಲಿ ‘ಊಂಚಾಯಿ’ ಚಿತ್ರಕ್ಕೆ ಅವರಿಗೆ ಮತ್ತೆ ಪೋಷಕ ನಟಿ ರಾಷ್ಟ್ರ ಪ್ರಶಸ್ತಿ ಘೋಷಣೆಯಾಯಿತು. ಮೊದಲ ಸಲ ಬಂದು ಮೂವತ್ತು ವರ್ಷ ಕಳೆದಿತ್ತು.

ಇನ್ನೊಂದು ವಿಷಯ ಹೇಳಬೇಕು. ನೀವು ಹುಡುಕಿದ ಕಡೆಗಳಲ್ಲಿ ಅವರನ್ನು ಧೈರ್ಯದ ಗುರುತು ಅಂತ ಬರೆದಿರಬಹುದು. ಅವರು ಆ ಕಿರೀಟವನ್ನು ಸುಮ್ನೆ ತೊಟ್ಟುಕೊಳ್ಳಲಿಲ್ಲ. 2020ರಲ್ಲಿ ಒಂದು ವಿಡಿಯೋ ಹಾಕಿ, ಮದುವೆಯಾದ ಗಂಡಸನ್ನು ಪ್ರೀತಿಸಬೇಡಿ ಅಂದರು. ಅದೇ ಸುಮಾರಿಗೆ, ಬದುಕಿನಲ್ಲಿ ಒಂದು ತಪ್ಪು ತಿದ್ದಬಹುದಾದರೆ ಮದುವೆಯಿಲ್ಲದೆ ಮಗು ಹೆರುತ್ತಿರಲಿಲ್ಲ, ಮಕ್ಕಳಿಗೆ ಇಬ್ಬರೂ ಬೇಕು ಅಂತ ಸಂದರ್ಶನದಲ್ಲಿ ಹೇಳಿದರು. ಕೆಲವರಿಗೆ ಇದು ಬೇಸರ ತಂದಿತು, ಇಷ್ಟು ದಿನ ಮೆಚ್ಚಿಕೊಂಡು ಬಂದವರು ಹೀಗಂದುಬಿಟ್ಟರಲ್ಲ ಅಂತ. ನನಗೆ ಅವರ ಮೇಲಿನ ಗೌರವ ಜಾಸ್ತಿಯಾಯಿತು. ಮಗಳನ್ನು ಜೀವದಷ್ಟು ಪ್ರೀತಿಸುವ ತಾಯಿ, ಪಟ್ಟ ಕಷ್ಟವನ್ನು ಕಷ್ಟ ಅಂತಲೇ ಹೇಳುತ್ತಿದ್ದಾರೆ. ಎರಡೂ ಒಟ್ಟಿಗೆ ಇರಬಹುದು. 2023ರ ಜನವರಿಯಲ್ಲಿ ಮಸಾಬಾ ಎರಡನೇ ಮದುವೆಯಾದಾಗ ರಿಚರ್ಡ್ಸ್ ಬಂದಿದ್ದರು. ನೀನಾ, ಅವರ ಪತಿ, ರಿಚರ್ಡ್ಸ್, ಮಗಳು ಅಳಿಯ ಎಲ್ಲ ಒಂದೇ ಫೋಟೋದಲ್ಲಿದ್ದಾರೆ.

ಕೊನೆಗೆ ಏನು ನೋಡಬೇಕು ಅಂತ ಕೇಳಿದ್ದೀರಿ. ಅಮ್ಮನ ಜೊತೆ ಕೂರುವುದಾದರೆ ‘ಸಾಂಸ್’ನ ಕಂತುಗಳು ಎಲ್ಲಿ ಸಿಕ್ಕರೂ ಮೊದಲು ಅದನ್ನೇ ನೋಡಿ, ಚಿತ್ರದ ಗುಣಮಟ್ಟ ಹಳೆಯದು ಅಂತ ಬಿಡಬೇಡಿ. ಅದಾದ ಮೇಲೆ ‘ಮಿರ್ಜಾ ಗಾಲಿಬ್’. ಉರ್ದು ಪೂರ್ತಿ ಅರ್ಥವಾಗದಿದ್ದರೂ ನವಾಬ್ ಜಾನ್ ಬರುವ ದೃಶ್ಯಗಳಿಗೆ ಭಾಷೆ ಅಡ್ಡ ಬರುವುದಿಲ್ಲ. ನೆಟ್‌ಫ್ಲಿಕ್ಸ್‌ನ ‘ಮಸಾಬಾ ಮಸಾಬಾ’ದಲ್ಲಿ ತಾಯಿ ಮಗಳು ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ, ಹಗುರವಾಗಿದೆ, ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಆತ್ಮಕಥೆಯನ್ನು ಇವೆಲ್ಲ ಆದ ಮೇಲೆ ಓದಿ. ಮೊದಲೇ ಓದಿದರೆ ಪ್ರತಿ ದೃಶ್ಯದಲ್ಲೂ ಅವರ ಬದುಕನ್ನು ಹುಡುಕಲು ಶುರು ಮಾಡುತ್ತೀರಿ, ನಟನೆ ಕಾಣುವುದಿಲ್ಲ.